ನಾಲ್ಕು ಕೋರ್‌ನ ಪೆಂಟಿಯಂ, ಎರಡು ಕೋರ್‌ನ ಐ3: ಹಳೆಯ ಅಗ್ಗದ ಲ್ಯಾಪ್‌ಟಾಪ್‌ಗಳ ಒಳಗಿನ ಲೆಕ್ಕ

ಈ ಎರಡು ಪರದೆ ನೋಡಿ. ಎರಡರಲ್ಲೂ ಟಾಸ್ಕ್ ಮ್ಯಾನೇಜರ್, ಅಂದರೆ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಕಿಟಕಿ, ತೆರೆದಿಟ್ಟಿದ್ದೇನೆ. ಎರಡರಲ್ಲೂ ನಾಲ್ಕು ನಾಲ್ಕು ಚೌಕ, ಪ್ರತಿ ಚೌಕದಲ್ಲೂ ಒಂದೊಂದು ಗೆರೆ ಏರಿಳಿಯುತ್ತಿದೆ. ಇಷ್ಟನ್ನೇ ನೋಡಿದರೆ ಎರಡೂ ಒಂದೇ ತೂಕದ ಯಂತ್ರ ಅನ್ನಿಸುತ್ತದೆ. ಎಡಗಡೆಯ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಇಂಟೆಲ್ ಕೋರ್ ಐ3-5005ಯು, ಬಲಗಡೆಯದರದ್ದು ಇಂಟೆಲ್ ಪೆಂಟಿಯಂ ಎನ್3710. ಚೌಕಗಳ ಕೆಳಗಿನ ಸಣ್ಣ ಅಕ್ಷರ ಓದಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಎಡಗಡೆಯದರಲ್ಲಿ ಕೋರ್ 2, ಲಾಜಿಕಲ್ ಪ್ರೊಸೆಸರ್ 4. ಬಲಗಡೆಯದರಲ್ಲಿ ಕೋರ್ 4, ಲಾಜಿಕಲ್ ಪ್ರೊಸೆಸರ್ 4. ಕೋರ್ ಅಂದರೆ ಪ್ರೊಸೆಸರ್‌ನ ಒಳಗೆ ನಿಜವಾಗಿ ಲೆಕ್ಕ ಮಾಡುವ ಭಾಗ; ಲಾಜಿಕಲ್ ಪ್ರೊಸೆಸರ್ ಅಂದರೆ ವಿಂಡೋಸ್ ಕಣ್ಣಿಗೆ ಎಷ್ಟು ಕೋರ್ ಇದ್ದಂತೆ ಕಾಣುತ್ತದೆ ಅನ್ನುವ ಲೆಕ್ಕ.

ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರ ಮುಂದೆ ಈ ಎರಡನ್ನೂ ಇಟ್ಟರೆ ಹೆಚ್ಚಿನವರ ಕೈ ಬಲಗಡೆ ಹೋಗುತ್ತದೆ. ಅದಕ್ಕೆ ಕಾರಣವೂ ಇದೆ. ಅಲ್ಲಿರುವುದು ನಾಲ್ಕು ನಿಜವಾದ ಕೋರ್. ಗರಿಷ್ಠ ವೇಗ 2.56 ಗಿಗಾಹರ್ಟ್ಸ್ ಅಂತ ಬರೆದಿದೆ. ಐ3ರದ್ದು 2 ಗಿಗಾಹರ್ಟ್ಸ್, ಅಷ್ಟೇ. ಬೇಕಾದಾಗ ಸ್ವಲ್ಪ ಹೊತ್ತು ವೇಗ ಏರಿಸಿಕೊಳ್ಳುವ ಟರ್ಬೊ ಅದಕ್ಕೆ ಇಲ್ಲ. ಮೇಲಾಗಿ ಎನ್3710 ಒಂದು ವರ್ಷ ಹೊಸದು: ಐ3 ಬಂದದ್ದು 2015ರ ಆರಂಭದಲ್ಲಿ, ಇದು 2016ರ ಆರಂಭದಲ್ಲಿ. ಕೋರ್ ಹೆಚ್ಚು, ಗಿಗಾಹರ್ಟ್ಸ್ ಹೆಚ್ಚು, ವಯಸ್ಸು ಕಡಿಮೆ. ಇನ್ನೇನು ಬೇಕು?

ಆದರೂ ದಿನನಿತ್ಯದ ಕೆಲಸಕ್ಕೆ ಐ3ಯೇ ವಾಸಿ. ಅಲ್ಪಸ್ವಲ್ಪ ವಾಸಿ ಅಲ್ಲ, ಕುಳಿತು ಬಳಸಿದರೆ ಯಾರಿಗಾದರೂ ಗೊತ್ತಾಗುವಷ್ಟು ವಾಸಿ. ಅದು ಯಾಕೆ ಹಾಗೆ ಅನ್ನುವುದೇ ಇವತ್ತಿನ ಮಾತು. ಎಲ್ಲೆಲ್ಲಿ ಎನ್3710 ಗೆಲ್ಲುತ್ತದೆ ಅನ್ನುವುದನ್ನೂ ಹೇಳುತ್ತೇನೆ, ಅಂಥ ಜಾಗಗಳೂ ಇವೆ.

ಈ ಜೋಡಿಯನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಎರಡನ್ನೂ ಮಾಡಿದ್ದು ಒಂದೇ ಕಂಪನಿ. ಎರಡೂ ಒಂದೇ ತಂತ್ರದ, 14 ನ್ಯಾನೊಮೀಟರ್ ಮಟ್ಟದ ತಯಾರಿಕೆ. ಎರಡರ ಒಳಗಿನ ಗ್ರಾಫಿಕ್ಸ್ ಕೂಡ ಇಂಟೆಲ್‌ನ ಎಂಟನೆಯ ಪೀಳಿಗೆಯದ್ದೇ. ಎರಡೂ ಕೇಳುವುದು ಡಿಡಿಆರ್3ಎಲ್ 1600 ರ್ಯಾಮ್. ಆದ್ದರಿಂದ ಒಂದರ ತಯಾರಿಕೆ ಹಳೆಯದು, ಇನ್ನೊಂದರ ರ್ಯಾಮ್ ನಿಧಾನ ಅಂತೆಲ್ಲ ನೆಪ ಹೇಳುವ ಹಾಗಿಲ್ಲ. ಕೊನೆಗೆ ಉಳಿಯುವುದು ಕೋರ್ ಎಂಥದ್ದು ಅನ್ನುವ ಪ್ರಶ್ನೆ.

ಐ3ರೊಳಗಿನ ಕೋರ್‌ನ ಹೆಸರು ಬ್ರಾಡ್‌ವೆಲ್. ಇಂಟೆಲ್‌ನ ಐದನೆಯ ಪೀಳಿಗೆಯ ಐ5, ಐ7ಗಳಲ್ಲಿ ಇದ್ದದ್ದೂ ಇದೇ ಕೋರ್. ಎನ್3710ರೊಳಗಿನದ್ದು ಏರ್‌ಮಾಂಟ್. ಇದು ಆಟಂ ವಂಶದ್ದು. ಟ್ಯಾಬ್ಲೆಟ್‌ಗೂ ಸಲ್ಲುವ ಹಾಗೆ, ಆದಷ್ಟು ಕಡಿಮೆ ವಿದ್ಯುತ್ ತಿನ್ನುವ ಹಾಗೆ ಕಟ್ಟಿದ ಸಣ್ಣ ಕೋರ್. 2013ರಲ್ಲಿ ಬಂದ ಸಿಲ್ವರ್‌ಮಾಂಟ್ ಅನ್ನುವ ವಿನ್ಯಾಸವನ್ನೇ 14 ನ್ಯಾನೊಮೀಟರ್‌ಗೆ ಕುಗ್ಗಿಸಿದರು, ಅದೇ ಏರ್‌ಮಾಂಟ್. ಅಂದರೆ ಒಂದು ವರ್ಷ ಹೊಸದು ಅಂದೆನಲ್ಲ, ಆ ಚಿಪ್‌ನ ಒಳಗಿನ ಯೋಚನೆ ಅಷ್ಟು ಹೊಸದಲ್ಲ.

ಒಂದು ಕೋರ್ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪ್ರೋಗ್ರಾಂ ಅಂದರೆ ಸೂಚನೆಗಳ ಉದ್ದನೆಯ ಸಾಲು. ಕ್ಲಾಕ್‌ನ ಪ್ರತಿ ಬಡಿತಕ್ಕೂ ಕೋರ್ ಆ ಸಾಲಿನಿಂದ ಕೆಲವು ಸೂಚನೆ ಎತ್ತಿಕೊಂಡು, ಬಿಡಿಸಿ, ಕೆಲಸಕ್ಕೆ ಹಚ್ಚುತ್ತದೆ. ಬ್ರಾಡ್‌ವೆಲ್ ಕೋರ್ ಒಂದು ಬಡಿತಕ್ಕೆ ನಾಲ್ಕು ಸೂಚನೆ ಎತ್ತಿಕೊಳ್ಳಬಲ್ಲದು. ಏರ್‌ಮಾಂಟ್ ಎತ್ತಿಕೊಳ್ಳುವುದು ಎರಡು. ಗಿಗಾಹರ್ಟ್ಸ್ ಹೇಳುವುದು ಸೆಕೆಂಡಿಗೆ ಎಷ್ಟು ಬಡಿತ ಅನ್ನುವುದನ್ನು ಮಾತ್ರ. ಒಂದು ಬಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದು ಲ್ಯಾಪ್‌ಟಾಪ್‌ನ ಡಬ್ಬಿಯ ಮೇಲೆ ಎಲ್ಲೂ ಇರುವುದಿಲ್ಲ.

ಈಗ ಇನ್ನೊಂದು ಸಂಗತಿ, ನನ್ನ ಮಟ್ಟಿಗೆ ಇದೇ ಹೆಚ್ಚು ಸ್ವಾರಸ್ಯ. ಸೂಚನೆಗಳು ಸಾಲಾಗಿ ಬಂದರೂ ಒಂದಕ್ಕೆ ಬೇಕಾದ ದತ್ತಾಂಶ ಇನ್ನೂ ರ್ಯಾಮ್‌ನಿಂದ ಬಂದಿರುವುದಿಲ್ಲ. ರ್ಯಾಮ್ ತನಕ ಹೋಗಿ ಬರುವಷ್ಟರಲ್ಲಿ ಕೋರ್‌ನ ನೂರಕ್ಕೂ ಹೆಚ್ಚು ಬಡಿತ ಕಳೆದುಹೋಗುತ್ತದೆ. ಅಷ್ಟು ಹೊತ್ತು ಸುಮ್ಮನೆ ನಿಲ್ಲುವ ಬದಲು ಕೋರ್ ಸಾಲಿನಲ್ಲಿ ಮುಂದೆ ಇಣುಕಿ, ಈ ದತ್ತಾಂಶಕ್ಕೆ ಕಾಯಬೇಕಿಲ್ಲದ ಸೂಚನೆಗಳನ್ನು ಹುಡುಕಿ ಮುಗಿಸಿಕೊಳ್ಳುತ್ತದೆ. ಎರಡೂ ಚಿಪ್ ಇದನ್ನು ಮಾಡುತ್ತವೆ. ಆದರೆ ಎಷ್ಟು ದೂರ ಇಣುಕಬಲ್ಲವು? ಬ್ರಾಡ್‌ವೆಲ್ 192 ಸೂಚನೆಗಳನ್ನು ಒಟ್ಟಿಗೆ ಕೈಯಲ್ಲಿ ಹಿಡಿದುಕೊಳ್ಳಬಲ್ಲದು. ಏರ್‌ಮಾಂಟ್‌ನ ವಂಶದಲ್ಲಿ ಆ ಸಂಖ್ಯೆ 32. ಹಾಗಾಗಿ ರ್ಯಾಮ್‌ನ ಉತ್ತರ ತಡವಾದಾಗಲೆಲ್ಲ ಏರ್‌ಮಾಂಟ್‌ನ ಕೈ ಬೇಗ ತುಂಬಿಹೋಗುತ್ತದೆ, ಮತ್ತೆ ಕಾಯುತ್ತ ಕೂರುತ್ತದೆ.

ಕಾಯುವ ಪ್ರಸಂಗವೇ ಕಡಿಮೆಯಾಗಲಿ ಅಂತ ಚಿಪ್‌ನ ಒಳಗೇ ಕ್ಯಾಶ್, ಅಂದರೆ ರ್ಯಾಮ್‌ಗಿಂತ ವೇಗದ ಸಣ್ಣ ಮೆಮೊರಿ, ಇಟ್ಟಿರುತ್ತಾರೆ. ಐ3ರಲ್ಲಿ ಪ್ರತಿ ಕೋರ್‌ಗೆ ತನ್ನದೇ 256 ಕಿಲೋಬೈಟ್‌ನ ಎರಡನೆಯ ಹಂತದ ಕ್ಯಾಶ್, ಅದರ ಮೇಲೆ ಎಲ್ಲರಿಗೂ ಸೇರಿ 3 ಮೆಗಾಬೈಟ್‌ನ ಮೂರನೆಯ ಹಂತ. ಎನ್3710ರಲ್ಲಿ ಮೂರನೆಯ ಹಂತವೇ ಇಲ್ಲ. ಎರಡು ಕೋರ್‌ಗೆ ಒಂದು ಮೆಗಾಬೈಟ್‌ನಂತೆ ಒಟ್ಟು 2 ಮೆಗಾಬೈಟ್. ದೂರ ಇಣುಕಲಾಗದ ಕೋರ್‌ಗೆ ಕ್ಯಾಶ್ ಕೂಡ ಕಡಿಮೆ.

ಇದೆಲ್ಲ ಸೇರಿ ಏನಾಗುತ್ತದೆ ಅಂದರೆ, ಒಂದು ಕೋರ್‌ಗೆ ಒಂದು ಕೆಲಸ ಕೊಟ್ಟು ಅಳೆದರೆ ಎನ್3710 ಐ3ರ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಮನಿಸಿ, ಇದು 2.56 ಗಿಗಾಹರ್ಟ್ಸ್‌ನಲ್ಲಿ ಓಡುವಾಗಿನ ಮಾತು. ಬಡಿತ ಕಾಲುಭಾಗಕ್ಕೂ ಹೆಚ್ಚು ಜೋರಾಗಿದ್ದರೂ ಮುಗಿಯುವ ಕೆಲಸ ಅರ್ಧ.

ಆ 2.56 ಕೂಡ ಯಾವಾಗಲೂ ಸಿಗುವುದಿಲ್ಲ. ಎನ್3710ರ ಮೂಲ ವೇಗ 1.6 ಗಿಗಾಹರ್ಟ್ಸ್. 2.56 ಅನ್ನುವುದು ಸ್ವಲ್ಪ ಹೊತ್ತು ಜಿಗಿಯುವ ಎತ್ತರ. ಈ ಚಿಪ್ ಅನ್ನು ರೂಪಿಸಿರುವುದು 6 ವ್ಯಾಟ್ ಶಾಖದ ಮಿತಿಗೆ. ನಾಲ್ಕೂ ಕೋರ್ ದುಡಿಯತೊಡಗಿ ಬಿಸಿ ಏರಿದರೆ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ, ತೆಳ್ಳನೆಯ ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪ್ ಆದರಂತೂ ಇನ್ನೂ ಬೇಗ. ಐ3 ಹಾಗಲ್ಲ. ಜಿಗಿಯುವುದಿಲ್ಲ, 2 ಗಿಗಾಹರ್ಟ್ಸ್‌ನಲ್ಲೇ ಹೋಗುತ್ತದೆ. ಆದರೆ ಗಂಟೆಗಟ್ಟಲೆ ಹೋಗುತ್ತದೆ, ಫ್ಯಾನ್‌ನಲ್ಲಿ ಧೂಳು ಕಟ್ಟಿಕೊಂಡಿರದಿದ್ದರೆ.

ಈಗ ನಾಲ್ಕು ಕೋರ್‌ನ ಪರವಾಗಿ ಮಾತಾಡೋಣ. ಅವು ಸುಮ್ಮನೆ ಕೂತಿರುವುದಿಲ್ಲ. ಕೆಲಸವನ್ನು ನಾಲ್ಕು ಪಾಲು ಮಾಡಿ ಹಂಚಲು ಬರುವಂತಿದ್ದರೆ, ಉದಾಹರಣೆಗೆ ದೊಡ್ಡ ಫೋಲ್ಡರ್ ಒಂದನ್ನು ಜಿಪ್ ಮಾಡುವುದು, ವಿಡಿಯೊ ಒಂದನ್ನು ಬೇರೆ ಫಾರ್ಮ್ಯಾಟ್‌ಗೆ ತಿರುಗಿಸುವುದು, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವುದು, ಆಗ ಅಂತರ ಬಹಳ ಕಡಿಮೆಯಾಗುತ್ತದೆ. ಅರ್ಧದಲ್ಲಿದ್ದದ್ದು ಸುಮಾರು ಮೂರನೇ ಎರಡು ಭಾಗದ ತನಕ ಬರುತ್ತದೆ. ಇಲ್ಲಿ ಐ3ಗೂ ಒಂದು ಸಹಾಯ ಇದೆ, ಹೈಪರ್‌ಥ್ರೆಡಿಂಗ್. ಒಂದು ಥ್ರೆಡ್, ಅಂದರೆ ಸೂಚನೆಗಳ ಒಂದು ಸಾಲು, ರ್ಯಾಮ್‌ಗೆ ಕಾಯುತ್ತಿರುವಾಗ ಅದೇ ಕೋರ್ ಇನ್ನೊಂದು ಥ್ರೆಡ್‌ನ ಕೆಲಸ ಮಾಡಿಕೊಳ್ಳುತ್ತದೆ. ಆರಂಭದಲ್ಲಿ ಎಡಗಡೆ ನಾಲ್ಕು ಚೌಕ ಕಂಡದ್ದು ಇದರಿಂದಲೇ. ಅದರಿಂದ ಎರಡು ಕೋರ್ ನಾಲ್ಕಾಗುವುದಿಲ್ಲ, ಎರಡರಿಂದ ಇನ್ನಷ್ಟು ಹಿಂಡಿಕೊಂಡ ಹಾಗೆ ಅಷ್ಟೇ. ಒಟ್ಟಿನಲ್ಲಿ ನಾಲ್ಕೂ ಕೋರ್ ದುಡಿದಾಗಲೂ ಎನ್3710 ಮುಂದೆ ಹೋಗುವುದಿಲ್ಲ, ಹತ್ತಿರ ಬರುತ್ತದೆ.

ಆದರೆ ನಾವು ದಿನವೂ ಮಾಡುವ ಕೆಲಸ ಹಾಗೆ ಪಾಲಾಗುವುದಿಲ್ಲ. ಒಂದು ಪತ್ರ ಬರೆಯಲು ನಾಲ್ಕು ಜನ ಒಂದೇ ಪೆನ್ನು ಹಿಡಿಯಲಾಗದು. ಬ್ರೌಸರ್ ತೆಗೆದುಕೊಳ್ಳಿ. ಬೇರೆ ಬೇರೆ ಟ್ಯಾಬ್‌ಗಳು ಬೇರೆ ಬೇರೆ ಕೋರ್‌ಗೆ ಹೋಗಬಹುದು, ನಿಜ. ಆದರೆ ನೀವು ಈಗ ನೋಡುತ್ತಿರುವ ಆ ಒಂದು ಪುಟದ ಜಾವಾಸ್ಕ್ರಿಪ್ಟ್ ಬಹುಮಟ್ಟಿಗೆ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ಪುಟದ ವಿನ್ಯಾಸ ಲೆಕ್ಕ ಹಾಕುವುದೂ ಅದೇ ಥ್ರೆಡ್, ನಿಮ್ಮ ಕ್ಲಿಕ್‌ಗೆ ಉತ್ತರ ಕೊಡುವುದೂ ಅದೇ.

ಇದನ್ನು ಕಣ್ಣಾರೆ ನೋಡಬಹುದು. ಬಲಗಡೆಯ ಯಂತ್ರದಲ್ಲಿ ಭಾರವಾದ ಪುಟ ಒಂದನ್ನು ತೆರೆಯುತ್ತೇನೆ. ಪುಟ ಇನ್ನೂ ಬೆಳ್ಳಗಿದೆ. ಸ್ಕ್ರೋಲ್ ಮಾಡಿದರೆ ಅರೆಕ್ಷಣ ಬಿಟ್ಟು ಜರುಗುತ್ತಿದೆ. ಈಗ ಟಾಸ್ಕ್ ಮ್ಯಾನೇಜರ್ ನೋಡಿ, ಒಟ್ಟು ಸಿಪಿಯು ಬಳಕೆ ಮೂವತ್ತರ ಆಸುಪಾಸು. ಇದನ್ನು ನೋಡಿದವರು ಏನಂದುಕೊಳ್ಳುತ್ತಾರೆ? ಪ್ರೊಸೆಸರ್ ಮುಕ್ಕಾಲು ಪಾಲು ಖಾಲಿ ಕೂತಿದೆ, ಹಾಗಾದರೆ ನಿಧಾನ ಇಂಟರ್ನೆಟ್‌ನದ್ದು, ಅಥವಾ ವೈರಸ್. ಅಲ್ಲ. ನಾಲ್ಕು ಲಾಜಿಕಲ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಒಂದು ಥ್ರೆಡ್ ತನ್ನ ಪೂರ್ತಿ ಶಕ್ತಿ ಹಾಕಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು ಶೇ 25. ಅದೇ ಅದರ ನೂರು. ಇನ್ನೂ ಒಂದು ತಮಾಷೆ ಅಂದರೆ, ವಿಂಡೋಸ್ ಆ ಥ್ರೆಡ್ ಅನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಿರುತ್ತದೆ. ಹಾಗಾಗಿ ಯಾವ ಚೌಕವೂ ತುಂಬಿದಂತೆ ಕಾಣುವುದಿಲ್ಲ. ನಾಲ್ಕೂ ಅಷ್ಟಿಷ್ಟು ಎದ್ದು ಬಿದ್ದು ಮಾಡುತ್ತವೆ. ಯಂತ್ರ ಏದುಸಿರು ಬಿಡುತ್ತಿದೆ, ಗ್ರಾಫ್ ಮಾತ್ರ ಆರಾಮಾಗಿದೆ.

ಹೆಸರಿನ ಬಗ್ಗೆ ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಾತಾಡಬೇಕು. ಪೆಂಟಿಯಂ ಅನ್ನುವ ಹೆಸರು 1993ರಿಂದ ಇದೆ. ನಮ್ಮಲ್ಲಿ ಒಂದು ವಯಸ್ಸು ದಾಟಿದವರಿಗೆ ಪೆಂಟಿಯಂ ಅಂದರೆ ಕಂಪ್ಯೂಟರ್ ಅಂತಲೇ ಅರ್ಥ. ಆ ಹೆಸರಿನ ಗೌರವವನ್ನು ಇಂಟೆಲ್ ಬಹಳ ಧಾರಾಳವಾಗಿ ಖರ್ಚು ಮಾಡಿತು. 2015ರ ಹೊತ್ತಿಗೆ ಪೆಂಟಿಯಂ 3805ಯು ಅಂತ ಒಂದು ಇತ್ತು, ಅದರೊಳಗೆ ಬ್ರಾಡ್‌ವೆಲ್‌ನ ದೊಡ್ಡ ಕೋರ್ ಎರಡು. ಅದೇ ಕಾಲದಲ್ಲಿ ಪೆಂಟಿಯಂ ಎನ್ ಸರಣಿ, ಅದರೊಳಗೆ ಆಟಂ ವಂಶದ ಸಣ್ಣ ಕೋರ್ ನಾಲ್ಕು. ಎರಡಕ್ಕೂ ಒಂದೇ ಸ್ಟಿಕ್ಕರ್. ಇಂಥದ್ದನ್ನು ಅಚಾತುರ್ಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೊಳ್ಳುವವನಿಗೆ ಗೊತ್ತಾಗಬೇಕಾದ ಒಂದೇ ಒಂದು ಸಂಗತಿಯನ್ನು ಒಂದು ಅಕ್ಷರದೊಳಗೆ ಬಚ್ಚಿಟ್ಟರು. ಆ ಕಾಲದ ಚಿಪ್‌ಗಳಲ್ಲಿ ಸಂಖ್ಯೆಯ ಮುಂದೆ ಎನ್ ಇದ್ದರೆ ಸಣ್ಣ ಕೋರ್, ಕೊನೆಯಲ್ಲಿ ಯು ಇದ್ದರೆ ದೊಡ್ಡ ಕೋರ್. ಇಂಟೆಲ್‌ನ ಇನ್ನೊಂದು ಅಗ್ಗದ ಸರಣಿ ಸೆಲೆರಾನ್‌ಗೂ ಇದೇ ಮಾತು. ಮುಂದೆ ಲ್ಯಾಪ್‌ಟಾಪ್‌ಗಳಲ್ಲಿ ಪೆಂಟಿಯಂ, ಸೆಲೆರಾನ್ ಎರಡೂ ಹೆಸರನ್ನು ಕೈಬಿಡುವುದಾಗಿ ಇಂಟೆಲ್ 2022ರಲ್ಲಿ ಹೇಳಿತು.

ಹಾಗಂತ ಎನ್ ಅಂದರೆ ಎಂದೆಂದಿಗೂ ನಿಧಾನ ಅಂತ ಬರೆದುಕೊಂಡು ಹೋಗಬೇಡಿ. ಈ ಸಣ್ಣ ಕೋರ್‌ನ ವಂಶ 2008ರ ನೆಟ್‌ಬುಕ್ ಅನ್ನುವ ಪುಟ್ಟ ಲ್ಯಾಪ್‌ಟಾಪ್‌ಗಳ ಕಾಲದಿಂದ ಬಂದದ್ದು. ಆಗಿನ ಆಟಂಗೆ ಸಾಲಿನಲ್ಲಿ ಮುಂದೆ ಇಣುಕುವ ವಿದ್ಯೆಯೇ ಇರಲಿಲ್ಲ, ಬಂದ ಸೂಚನೆಯನ್ನು ಬಂದ ಕ್ರಮದಲ್ಲೇ ಮಾಡುತ್ತಿತ್ತು. ಸಿಲ್ವರ್‌ಮಾಂಟ್‌ನಲ್ಲಿ ಅದು ಬಂತು. ಆಮೇಲೆ ಗೋಲ್ಡ್‌ಮಾಂಟ್, ಟ್ರೆಮಾಂಟ್, 2021ರಲ್ಲಿ ಗ್ರೇಸ್‌ಮಾಂಟ್ ಹೀಗೆ ಪ್ರತಿ ಹೆಜ್ಜೆಗೂ ಕೋರ್ ದಷ್ಟಪುಷ್ಟವಾಗುತ್ತ ಹೋಯಿತು. 2023ರಲ್ಲಿ ಬಂದ ಎನ್100 ನೋಡಿ. ಅದಕ್ಕೂ ನಾಲ್ಕೇ ಕೋರ್, ನಾಲ್ಕೇ ಥ್ರೆಡ್, ಅದೇ 6 ವ್ಯಾಟ್‌ನ ಮಿತಿ. ಕಾಗದದ ಮೇಲೆ ಎನ್3710ರ ಅಣ್ಣತಮ್ಮನ ಹಾಗಿದೆ. ಆದರೆ ಅದರ ಒಂದು ಕೋರ್ ಈ ಐ3ರ ಒಂದು ಕೋರ್ ಅನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಆದ್ದರಿಂದ ನಾನು ಹೇಳುತ್ತಿರುವ ನಿಯಮ 2015–16ರ ಸುತ್ತಿನ ಯಂತ್ರಗಳಿಗೆ ಮಾತ್ರ.

ಬ್ಯಾಟರಿಯ ಪ್ರಶ್ನೆ ಬಂದೇ ಬರುತ್ತದೆ. ಐ3ರ ಮಿತಿ 15 ವ್ಯಾಟ್, ಎನ್3710ರದ್ದು 6. ಅಂದರೆ ಬ್ಯಾಟರಿ ಎರಡೂವರೆ ಪಟ್ಟು ಹೊತ್ತು ಬರುತ್ತದೆಯೇ? ಬರುವುದಿಲ್ಲ. ಆ ಸಂಖ್ಯೆ ಚಿಪ್ ಸತತವಾಗಿ ದುಡಿದಾಗ ಹೊರಗೆ ಹಾಕಬೇಕಾದ ಶಾಖಕ್ಕೆ ಸಂಬಂಧಿಸಿದ್ದು. ನೀವು ಒಂದು ಪುಟ ಓದುತ್ತ ಕೂತಿರುವಾಗ ಎರಡೂ ಚಿಪ್ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತವೆ. ವಿದ್ಯುತ್ ತಿನ್ನುವುದು ಪರದೆ, ವೈಫೈ, ಡಿಸ್ಕ್. ಅಲ್ಲದೆ ಐ3 ಕೆಲಸ ಬೇಗ ಮುಗಿಸಿ ಬೇಗ ನಿದ್ದೆಗೆ ಹೋಗುತ್ತದೆ. ಎನ್3710 ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ ಅನ್ನುವುದು ನಿಜವೇ. ಆದರೆ ಇಷ್ಟು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಸೆಲ್ ಎಷ್ಟು ಸವೆದಿದೆ ಅನ್ನುವುದರ ಮುಂದೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆಜ್ಞೆಯಿಂದ ಬ್ಯಾಟರಿ ವರದಿ ತೆಗೆಯಬಹುದು. ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ಪೂರ್ತಿ ಚಾರ್ಜ್ ಆದಾಗ ಎಷ್ಟು ಹಿಡಿಯುತ್ತದೆ ಎರಡೂ ಅದರಲ್ಲಿ ಸಿಗುತ್ತವೆ. ಕೊಳ್ಳುವ ಮೊದಲು ಅದನ್ನು ನೋಡಿ.

ಮೌನದ ವಿಷಯದಲ್ಲಿ ಮಾತ್ರ ಎನ್3710ಗೆ ಪೂರ್ತಿ ಅಂಕ. ಫ್ಯಾನ್ ಇಲ್ಲದೆ ಓಡಬಲ್ಲದು. ಧೂಳು ಕಟ್ಟುವ, ಸದ್ದು ಮಾಡುವ, ಕೆಟ್ಟುಹೋಗುವ ಭಾಗ ಒಂದು ಕಡಿಮೆ. ರಾತ್ರಿಯೆಲ್ಲ ಏನನ್ನಾದರೂ ಡೌನ್‌ಲೋಡ್ ಮಾಡುತ್ತ, ಮನೆಯ ಇತರ ಯಂತ್ರಗಳಿಗೆ ಫೈಲ್ ಹಂಚುತ್ತ ಇರಬೇಕಾದ ಯಂತ್ರಕ್ಕೆ ನಾನಾದರೆ ಅದನ್ನೇ ಆರಿಸಿಕೊಳ್ಳುತ್ತೇನೆ.

ಗ್ರಾಫಿಕ್ಸ್ ಬೇಗ ಮುಗಿಸುತ್ತೇನೆ. ಐ3ರದ್ದು ಎಚ್‌ಡಿ 5500, ಗರಿಷ್ಠ 850 ಮೆಗಾಹರ್ಟ್ಸ್. ಎನ್3710ರದ್ದು ಎಚ್‌ಡಿ 405, ಗರಿಷ್ಠ 700 ಮೆಗಾಹರ್ಟ್ಸ್. ಆಟಕ್ಕೆ ಎರಡೂ ಸಾಲದು. ಹಳೆಯ, ಸರಳ ಆಟಗಳಲ್ಲಿ ಐ3 ಮುಂದೆ.

ವಿಡಿಯೊದಲ್ಲಿ ಮಾತ್ರ ಒಂದು ಕಡೆ ಪಟ್ಟಿ ತಿರುಗುಮುರುಗಾಗುತ್ತದೆ. ಎಚ್‌ಇವಿಸಿ ಅನ್ನುವ ಫಾರ್ಮ್ಯಾಟ್ ಇದೆ, ಎಚ್.265 ಅಂತಲೂ ಕರೆಯುತ್ತಾರೆ. ಈಗಿನ ಹಲವು ಫೋನ್‌ಗಳು ವಿಡಿಯೊ ಉಳಿಸುವುದು ಇದರಲ್ಲೇ. ಇದರ 8 ಬಿಟ್ ರೂಪವನ್ನು ಬಿಡಿಸಲು ಎನ್3710ರೊಳಗೆ ಅದಕ್ಕೇ ಮೀಸಲಾದ ಸರ್ಕ್ಯೂಟ್ ಇದೆ, ಐ3ರಲ್ಲಿ ಪೂರ್ತಿಯಾಗಿ ಇಲ್ಲ. ಹಾಗಾಗಿ ಅಂಥ ಫೈಲ್ ಹಾಕಿದರೆ ಎನ್3710 ತಣ್ಣಗೆ ಓಡಿಸುತ್ತದೆ, ಐ3ರ ಫ್ಯಾನ್ ಸದ್ದು ಶುರುಮಾಡುತ್ತದೆ. ದುರ್ಬಲ ಅಂತ ಇಷ್ಟು ಹೊತ್ತು ಬೈದ ಚಿಪ್ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ, ಯಾಕೆಂದರೆ ಇಲ್ಲಿ ದುಡಿಯುತ್ತಿರುವುದು ಕೋರ್ ಅಲ್ಲ. ಹೊಸದಾದ ಎವಿ1 ಫಾರ್ಮ್ಯಾಟ್‌ಗೆ ಎರಡರಲ್ಲೂ ಆಸರೆ ಇಲ್ಲ. ಯೂಟ್ಯೂಬ್ ಅದನ್ನು ಕಳಿಸಿದರೆ ಕೋರ್‌ಗಳೇ ಬೆವರು ಹರಿಸಬೇಕು, ಆಗ ಎನ್3710 ತಡವರಿಸುತ್ತದೆ. ಎಚ್264ಇಫೈ ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಯೂಟ್ಯೂಬ್ ಹಳೆಯ ಎಚ್.264 ರೂಪದಲ್ಲೇ ಕಳಿಸುತ್ತದೆ. ಅದನ್ನು ಎರಡೂ ಚಿಪ್ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ.

ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಈ ಮಾತು ನಿಮಗೆ. ಪ್ರೋಗ್ರಾಮಿಂಗ್ ಕಲಿಯಲು ಯಂತ್ರ ಹುಡುಕುತ್ತಿದ್ದರೆ ವೇಗಕ್ಕಿಂತ ಮೊದಲು ನೋಡಬೇಕಾದದ್ದು ಎವಿಎಕ್ಸ್. ಒಂದೇ ಏಟಿಗೆ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವ ಸೂಚನೆಗಳ ಗುಂಪು ಅದು. ಐ3ರಲ್ಲಿ ಎವಿಎಕ್ಸ್2 ತನಕ ಇದೆ. ಎನ್3710ರಲ್ಲಿ ಎವಿಎಕ್ಸ್ ಇಲ್ಲವೇ ಇಲ್ಲ. ಇಲ್ಲದಿದ್ದರೆ ನಿಧಾನವಾಗಿ ಓಡುತ್ತದೆ ಅಂದುಕೊಂಡರೆ ತಪ್ಪು, ಕೆಲವು ಪ್ರೋಗ್ರಾಂ ಓಡುವುದೇ ಇಲ್ಲ. ಯಂತ್ರ ಕಲಿಕೆಗೆ ಬಳಸುವ ಟೆನ್ಸರ್‌ಫ್ಲೋದ ಸಿದ್ಧ ಆವೃತ್ತಿಗಳು 1.6ರಿಂದ ಈಚೆಗೆ ಎವಿಎಕ್ಸ್ ಕೇಳುತ್ತವೆ. ಮೊಂಗೋಡಿಬಿ ಅನ್ನುವ ಡೇಟಾಬೇಸ್ 5.0ರಿಂದ ಕೇಳುತ್ತದೆ. ಇನ್‌ಸ್ಟಾಲ್ ಸರಿಯಾಗಿಯೇ ಆಗುತ್ತದೆ, ತೆರೆದ ಕೂಡಲೇ ಸತ್ತುಹೋಗುತ್ತದೆ. ಪರದೆಯ ಮೇಲೆ ಬರುವುದು ‘ಅಕ್ರಮ ಸೂಚನೆ’ ಅನ್ನುವ ಅರ್ಥದ ಒಂದು ಸಾಲು. ಅದನ್ನು ನೋಡಿ ತನ್ನ ಕೋಡ್‌ನಲ್ಲೇ ತಪ್ಪಿದೆ ಅಂತ ರಾತ್ರಿಯೆಲ್ಲ ಹುಡುಕುವ ಹುಡುಗ ಹುಡುಗಿಯರು ಇದ್ದಾರೆ. ತಪ್ಪು ಅವರದ್ದಲ್ಲ.

ಇಷ್ಟು ಹೊತ್ತು ಪ್ರೊಸೆಸರ್ ಬಗ್ಗೆ ಮಾತಾಡಿದೆ. ಆದರೆ ಈ ವಯಸ್ಸಿನ ಲ್ಯಾಪ್‌ಟಾಪ್ ಒಂದು ನಿಧಾನ ಅಂತ ಯಾರಾದರೂ ತಂದಾಗ ನಾನು ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತಲ್ಲ, ಡಿಸ್ಕ್ ಯಾವುದು ಅಂತ. ಆಗಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಲೆಕ್ಕ ಹಾಕಿ: 60 ಸೆಕೆಂಡನ್ನು 5400ರಿಂದ ಭಾಗಿಸಿದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ದತ್ತಾಂಶ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಐದೂವರೆ ಮಿಲಿಸೆಕೆಂಡ್. ಅದಕ್ಕೂ ಮೊದಲು ಮುಳ್ಳು ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ ಇನ್ನೊಂದು ಹತ್ತು ಹನ್ನೆರಡು. ಅಂದರೆ ಅಲ್ಲಲ್ಲಿ ಚೆದುರಿದ ಸಣ್ಣ ಸಣ್ಣ ಫೈಲ್ ಓದಬೇಕಾದಾಗ ಸೆಕೆಂಡಿಗೆ ನೂರು ಸಲವೂ ಓದಲಾಗದು. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ಓದು. ತಿರುಗುವ ಭಾಗವೇ ಇಲ್ಲದ, ಚಿಪ್‌ಗಳಲ್ಲಿ ದತ್ತಾಂಶ ಇಡುವ ಸಾದಾ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಇಂಥ ಹತ್ತಾರು ಸಾವಿರ ಓದು ಮುಗಿಸುತ್ತದೆ. ಇಷ್ಟು ದೊಡ್ಡ ಅಂತರ ಇಲ್ಲಿರುವಾಗ ಯಾವ ಕೋರ್ ಎರಡು ಪಟ್ಟು ಅನ್ನುವುದು ಎರಡನೆಯ ಮಾತಾಗುತ್ತದೆ. ಹಾರ್ಡ್ ಡಿಸ್ಕ್ ಇರುವ ಐ3ಗಿಂತ ಎಸ್‌ಎಸ್‌ಡಿ ಇರುವ ಎನ್3710 ಬೇಗ ಏಳುತ್ತದೆ, ಪ್ರೋಗ್ರಾಂಗಳನ್ನು ಬೇಗ ತೆರೆಯುತ್ತದೆ. ತೆರೆದ ಮೇಲೆ ಒಳಗೆ ಕೆಲಸ ಮಾಡುವಾಗ ಮತ್ತೆ ಐ3 ಮುಂದೆ.

ಎನ್ ಸರಣಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಬದಲು ಇಎಂಎಂಸಿ ಅಂತ 32 ಅಥವಾ 64 ಗಿಗಾಬೈಟ್‌ನ ಚಿಪ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅದನ್ನು ಬದಲಿಸಲಾಗದು. 32 ಗಿಗಾಬೈಟ್‌ನದ್ದಾದರೆ ವಿಂಡೋಸ್ ಅಪ್‌ಡೇಟ್‌ಗೇ ಜಾಗ ಸಾಲದೆ ಒದ್ದಾಡುತ್ತದೆ. ಅಂಥದ್ದು ಎಷ್ಟು ಅಗ್ಗವಾಗಿ ಸಿಕ್ಕರೂ ದೂರ ಇರಿ.

ರ್ಯಾಮ್‌ನದ್ದೂ ಒಂದೆರಡು ಮಾತು. ಇಂಟೆಲ್‌ನ ಲೆಕ್ಕದಂತೆ ಐ3 16 ಗಿಗಾಬೈಟ್ ತನಕ ಹಿಡಿಯುತ್ತದೆ, ಎನ್3710 8ಕ್ಕೆ ನಿಲ್ಲುತ್ತದೆ. ಆದರೆ ಅಂಗಡಿಯಿಂದ ಹೊರಬಂದಾಗ ಎರಡರಲ್ಲೂ ಸಾಮಾನ್ಯವಾಗಿ ಇದ್ದದ್ದು 4 ಗಿಗಾಬೈಟ್, ಅದೂ ಒಂದೇ ಕಡ್ಡಿ. ಗ್ರಾಫಿಕ್ಸ್‌ಗೂ ಅದರಲ್ಲೇ ಪಾಲು ಹೋಗಬೇಕು. ಇವತ್ತಿನ ಬ್ರೌಸರ್‌ಗೆ ಅದು ಸಾಲದು. ರ್ಯಾಮ್ ತುಂಬಿದ ಮೇಲೆ ಯಂತ್ರ ಡಿಸ್ಕ್ ಮೇಲೆ ಬರೆಯತೊಡಗುತ್ತದೆ, ಅದು ಹಾರ್ಡ್ ಡಿಸ್ಕ್ ಆದರೆ ಮುಗಿಯಿತು ಕತೆ. ಐ3 ಲ್ಯಾಪ್‌ಟಾಪ್‌ನಲ್ಲಿ ಎರಡು ಸ್ಲಾಟ್ ಇದ್ದರೆ ಇನ್ನೊಂದು 4 ಗಿಗಾಬೈಟ್ ಕಡ್ಡಿ ಹಾಕಿ. ರ್ಯಾಮ್‌ಗೆ ಹೋಗಿ ಬರುವ ಎರಡು ದಾರಿ, ಅಂದರೆ ಎರಡು ಚಾನೆಲ್, ಒಟ್ಟಿಗೆ ಕೆಲಸ ಮಾಡುವುದರಿಂದ ಗ್ರಾಫಿಕ್ಸ್‌ಗೂ ಲಾಭ. ಕೊಳ್ಳುವಾಗ ಡಿಡಿಆರ್3ಎಲ್ ಅಂತ ಕೇಳಿ ತೆಗೆದುಕೊಳ್ಳಿ, ಅದು 1.35 ವೋಲ್ಟ್‌ನದ್ದು. ಎಲ್ ಇಲ್ಲದ 1.5 ವೋಲ್ಟ್‌ನ ಡಿಡಿಆರ್3 ಕಡ್ಡಿ ನೋಡಲು ಹಾಗೆಯೇ ಇರುತ್ತದೆ, ಸ್ಲಾಟ್‌ಗೂ ಕೂರುತ್ತದೆ, ಈ ಚಿಪ್‌ಗಳಿಗೆ ಅದು ಹೊಂದುವುದಿಲ್ಲ.

ವಿಂಡೋಸ್‌ನ ಸ್ಥಿತಿ ಎರಡಕ್ಕೂ ಒಂದೇ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೆಯ ಪೀಳಿಗೆಯ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದನ್ನು (ಗ್ರಾಫಿಕ್ಸ್‌ನ ಪೀಳಿಗೆಯ ಲೆಕ್ಕ ಬೇರೆ). ಇವೆರಡೂ ಆ ಗೆರೆಯ ಆಚೆ ಉಳಿದವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಮತ್ತೊಂದು ವರ್ಷ, 2026ರ ಅಕ್ಟೋಬರ್ ತನಕ, ಭದ್ರತೆಯ ಪ್ಯಾಚ್ ಸಿಗುವಂತೆ ಮೈಕ್ರೋಸಾಫ್ಟ್ ಏರ್ಪಾಡು ಮಾಡಿತು. ನಿಯಮ ತಪ್ಪಿಸಿ ವಿಂಡೋಸ್ 11 ಹಾಕುವ ದಾರಿಗಳಿವೆ. ಅದರ 24ಎಚ್2 ಆವೃತ್ತಿಗೆ ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳ ಗುಂಪು ಇಲ್ಲದ ಚಿಪ್‌ನಲ್ಲಿ ಏಳಲು ಆಗದು, ಇವೆರಡರಲ್ಲೂ ಅದು ಇದೆ, ಹಾಗಾಗಿ ಏಳುತ್ತದೆ. ಆದರೆ ಎನ್3710 ಮೇಲೆ ವಿಂಡೋಸ್ 11 ಓಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಯಾವುದಾದರೂ ಆದೀತು. ಐ3ಗೆ ಎಸ್‌ಎಸ್‌ಡಿ, 8 ಗಿಗಾಬೈಟ್ ರ್ಯಾಮ್ ಇದ್ದರೆ ಭಾರವಾದ ಡೆಸ್ಕ್‌ಟಾಪ್ ಕೂಡ ನಡೆಯುತ್ತದೆ.

ಪ್ರೊಸೆಸರ್ ಒಂದನ್ನೇ ಬದಲಿಸಲಾಗದೇ ಅಂತ ಮುಂದಿನ ಸಾಲಿನಲ್ಲಿ ಕೂತವರಿಂದ ಪ್ರಶ್ನೆ ಬಂತು. ಆಗದು. ಎರಡೂ ಬೋರ್ಡ್‌ಗೆ ಬೆಸುಗೆಯಾಗಿಯೇ ಬರುವಂಥವು, ಸಾಕೆಟ್ ಇಲ್ಲ. ಬದಲಿಸಬೇಕಾದರೆ ಇಡೀ ಮದರ್‌ಬೋರ್ಡ್ ಬದಲಿಸಬೇಕು. ಆ ಖರ್ಚಿಗೆ ಇನ್ನೊಂದು ಲ್ಯಾಪ್‌ಟಾಪ್ ನೋಡುವುದು ಮೇಲು.

ಇನ್ನೊಬ್ಬರು ಕೇಳಿದ್ದು ಹೆಚ್ಚು ಕಷ್ಟದ್ದು. ಎನ್3710ಗೆ ಆಗಲೇ ಎಸ್‌ಎಸ್‌ಡಿ, 8 ಗಿಗಾಬೈಟ್ ರ್ಯಾಮ್ ಇದೆ, ಐ3ರಲ್ಲಿ ಹಳೆಯ ಹಾರ್ಡ್ ಡಿಸ್ಕ್, 4 ಗಿಗಾಬೈಟ್. ಎರಡಕ್ಕೂ ಒಂದೇ ಬೆಲೆ ಹೇಳುತ್ತಿದ್ದಾರೆ, ಯಾವುದು? ಕೆಳಗಿನ ಮುಚ್ಚಳ ಬಿಚ್ಚಿ ನೋಡದೆ ಇದಕ್ಕೆ ಉತ್ತರ ಕೊಡಲಾಗದು. ಐ3ರಲ್ಲಿ ಎರಡನೆಯ ರ್ಯಾಮ್ ಸ್ಲಾಟ್ ಖಾಲಿ ಇದ್ದು, ಡಿಸ್ಕ್ 2.5 ಇಂಚಿನ ಸಾಟಾ ಆಗಿದ್ದರೆ, ಮತ್ತು ಆ ಎರಡು ಭಾಗಕ್ಕೆ ನಿಮ್ಮ ಬಳಿ ಇನ್ನಷ್ಟು ಹಣ ಇದ್ದರೆ, ಐ3 ತೆಗೆದುಕೊಳ್ಳಿ. ಹಣ ಇಷ್ಟೇ, ನಾಳೆಯಿಂದಲೇ ಕೆಲಸ ಶುರುವಾಗಬೇಕು, ಆ ಕೆಲಸ ಟೈಪಿಂಗ್, ಇಮೇಲ್, ಒಂದೆರಡು ಟ್ಯಾಬ್ ಅಂತಾದರೆ ಎನ್3710 ಸಾಕು. ಹತ್ತಾರು ಟ್ಯಾಬ್ ತೆರೆದುಕೊಂಡು ಜೊತೆಗೆ ವಿಡಿಯೊ ಕಾಲ್ ಕೂಡ ಬೇಕು ಅಂದರೆ, ಎನ್3710ಗೆ ಎಸ್‌ಎಸ್‌ಡಿ ಇದ್ದರೂ ಆಗದು. ಕರೆಯಲ್ಲಿ ಎದುರಿನವರ ದನಿ ಕಡಿದು ಕಡಿದು ಬರತೊಡಗಿದಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ; ಆಗ ನಾಲ್ಕೂ ಚೌಕ ನಿಜಕ್ಕೂ ತುಂಬಿರುತ್ತವೆ.